ಕೆಡವುವ ಮುಂಚೆ ಊರನ್ನು ಕೇಳುವುದು: ನಮ್ಮ ಹಳೇ ಕಟ್ಟಡ ಮತ್ತು ಪರವಾನಗಿಯ ಚರಿತ್ರೆ



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘ 25 ವರ್ಷ ತುಂಬಿ ಬೆಳ್ಳಿ ಹಬ್ಬ ಆಚರಿಸುತ್ತಿರುವುದು ನಮಗೆಲ್ಲರಿಗೂ ಸಂತೋಷದ ವಿಷಯ. ಸಂಘ ಹುಟ್ಟಿದ ಬಗೆ, ಮೊದಲ ದಿನ ಸೇರಿದ ಹಾಲಿನ ಲೆಕ್ಕ, ದುಡಿದು ಹೋದ ಹಿರಿಯರ ನೆನಪು ಇವನ್ನೆಲ್ಲ ಈ ಸಂಚಿಕೆಯಲ್ಲಿ ಬೇರೆಯವರು ಬರೆದಿದ್ದಾರೆ. ಆಡಳಿತ ಮಂಡಳಿಯ ಪರವಾಗಿ ನಮ್ಮ ಪಾಲಿಗೆ ಬಂದಿರುವುದು ಸಂಘದ ಹಳೇ ಹೆಂಚಿನ ಕಟ್ಟಡದ ವಿಷಯ.

ಈ ಕಟ್ಟಡ ಮೊದಲು ಒಂದು ಮನೆಯಾಗಿತ್ತು. ಊರಿನ ಹಿರಿಯ ಮನೆತನದವರು ಸಂಘಕ್ಕೆ ಕ್ರಯ ಮಾಡಿಕೊಟ್ಟರು. ಅದಕ್ಕೂ ಮುಂಚೆ, ಶಾಲೆಗೆ ಸ್ವಂತ ಕೊಠಡಿ ಇಲ್ಲದ ಕಾಲದಲ್ಲಿ, ಇದರ ಜಗಲಿ ಮೇಲೆ ಒಂದನೇ ಕ್ಲಾಸು ನಡೆದದ್ದುಂಟು. ಈಗ ಹಾಲು ತಂಪು ಮಾಡುವ ದೊಡ್ಡ ಟ್ಯಾಂಕ್ ಕೂರಿಸಲು ಗಟ್ಟಿ ನೆಲ, ಎತ್ತರದ ಸೂರು, ಲಾರಿ ಬಂದು ನಿಲ್ಲುವ ಜಾಗ ಬೇಕಾಗಿದೆ. ಆದ್ದರಿಂದ ಹಳೇದನ್ನು ತೆಗೆದು ಹೊಸದು ಕಟ್ಟುವುದೆಂದು ಹೋದ ಮಹಾಸಭೆಯಲ್ಲಿ ಠರಾವು ಆಯಿತು.

ಆ ದಿನ ಮೂರು ಪ್ರಶ್ನೆ ಬಂದವು. ಒಬ್ಬರು, "ನಮ್ದೇ ಜಾಗ, ನಮ್ದೇ ದುಡ್ಡು, ನಮ್ದೇ ಕಟ್ಟಡ. ಕೆಡವಾಕೆ ಪಂಚಾಯ್ತಿನ ಯಾಕ್ರೀ ಕೇಳ್ಬೇಕು?" ಅಂದರು. ಹಿರಿಯರೊಬ್ಬರು, "ಕೆಡವೋದೇ ಯಾಕಪ್ಪ? ರಿಪೇರಿ ಮಾಡ್ಸಿ, ಇನ್ನೂ ಮೂವತ್ತು ವರ್ಷ ನಿಲ್ತದೆ" ಅಂದರು. ಹಿಂದಿನ ಸಾಲಿನ ಹುಡುಗರು, "ಜೆಸಿಬಿ ತರ್ಸಿ, ಬೆಳಿಗ್ಗೆ ಹಾಲಾದ ಮೇಲೆ ಶುರು ಮಾಡಿದ್ರೆ ಸಂಜೆ ಹಾಲಿಗೆ ಜಾಗ ಸಾಫ್" ಅಂದರು. ಸಭೆಯಲ್ಲಿ ಮೂರಕ್ಕೂ ಪೂರ್ತಿ ಉತ್ತರ ಕೊಡಲು ಹೊತ್ತು ಸಾಲಲಿಲ್ಲ. ಅವತ್ತಿನಿಂದ ಊರಲ್ಲಿ ಎರಡು ಮಾತು ನಡೆದೇ ಇದೆ. ಒಂದೇ ಡೇರಿಗೆ ಹಾಲು ಹಾಕುವವರು ಒಂದು ಕಟ್ಟಡದ ಸಲುವಾಗಿ ಮುಖ ತಿರುಗಿಸಿಕೊಳ್ಳುವುದು ಸಂಘಕ್ಕೆ ಒಳ್ಳೆಯದಲ್ಲ. ಆದ್ದರಿಂದ ಕಟ್ಟಡ ಕೆಡವಲು ಅಪ್ಪಣೆ ಕೇಳುವ ಪದ್ಧತಿ ನಮ್ಮ ನಾಡಿನಲ್ಲಿ ಹೇಗೆ ನಡೆದು ಬಂತು ಎಂಬುದನ್ನು ತಿಳಿದಮಟ್ಟಿಗೆ ಇಲ್ಲಿ ಬರೆಯುತ್ತಿದ್ದೇವೆ.

ಪಟೇಲರ ಕಾಲದಿಂದ ಪಂಚಾಯ್ತಿ ಕಾಲದವರೆಗೆ

ಕೇಳಿ ಕೆಡವುವುದು ಸರಕಾರ ಹೊಸದಾಗಿ ತಂದ ಪದ್ಧತಿ ಅಂತ ಕೆಲವರು ತಿಳಿದಿದ್ದಾರೆ. ಅದು ಹಾಗಲ್ಲ. ಹಳ್ಳಿಯಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡು ಇರುತ್ತಿದ್ದವು. ಎರಡು ಮನೆಗೆ ಒಂದೇ ಪಾಲುಗೋಡೆ. ಒಬ್ಬನ ಸೂರಿನ ನೀರು ಇನ್ನೊಬ್ಬನ ಹಿತ್ತಲಿಗೆ ಬೀಳುವುದು. ಒಬ್ಬ ಗೋಡೆ ಕೆಡವಿದರೆ ಪಕ್ಕದವನ ತೊಲೆ ಕೆಳಗೆ ಬರುತ್ತಿತ್ತು. ಆದ್ದರಿಂದ ಪಟೇಲರು, ಶಾನುಭೋಗರು, ನಾಲ್ಕು ಜನ ಹಿರಿಯರನ್ನು ಕರೆದು ಗಡಿ ತೋರಿಸಿ ಆಮೇಲೆ ಕೈ ಹಚ್ಚುವುದು ವಾಡಿಕೆ. ಕಾಗದ ಇರಲಿಲ್ಲ, ಕೇಳುವುದು ಇತ್ತು.

ಕಾಗದದ ಪದ್ಧತಿ ಪಟ್ಟಣಗಳಿಂದ ಶುರುವಾಯಿತು. ಪಟ್ಟಣ ಸುಧಾರಣೆಗೆಂದು ಬ್ರಿಟಿಷರು 1850ರಲ್ಲಿ ಮಾಡಿದ ಕಾಯ್ದೆಯ ಪ್ರಕಾರ 1862ರಲ್ಲಿ ಬೆಂಗಳೂರಿನಲ್ಲಿ ಮುನಿಸಿಪಲ್ ಮಂಡಳಿ ಬಂತು. ಆಮೇಲೆ ಮೈಸೂರು ಸಂಸ್ಥಾನದ ಬೇರೆ ಪಟ್ಟಣಗಳಿಗೂ ಪುರಸಭೆ ಬಂದವು. ಚರಂಡಿ, ರಸ್ತೆ, ಬೆಂಕಿ, ಕಾಯಿಲೆ ಇವುಗಳ ಭಯದಿಂದ, ಪೇಟೆಯಲ್ಲಿ ಯಾರು ಎಲ್ಲಿ ಏನು ಕಟ್ಟುತ್ತಾರೆ ಎಂಬುದನ್ನು ನೋಡುವ ಕೆಲಸ ಪುರಸಭೆಗೆ ಬಿತ್ತು.

ಹಳ್ಳಿಗಳಿಗೆ ಇದು ನಿಧಾನವಾಗಿ ಬಂತು. 1959ರಲ್ಲಿ ಗ್ರಾಮ ಪಂಚಾಯಿತಿ ಮತ್ತು ಸ್ಥಳೀಯ ಮಂಡಳಿಗಳ ಕಾಯ್ದೆ ಆಯಿತು. 1961ರ ಕಾಯ್ದೆಯಿಂದ ಪಟೇಲ, ಶಾನುಭೋಗರ ವಂಶಪಾರಂಪರ್ಯ ಹುದ್ದೆಗಳು ರದ್ದಾದವು. ರಾಮಕೃಷ್ಣ ಹೆಗಡೆಯವರ ಸರಕಾರದಲ್ಲಿ ಅಬ್ದುಲ್ ನಜೀರ್ ಸಾಬರು ಮುಂದೆ ನಿಂತು ತಂದ 1983ರ ಕಾಯ್ದೆಯಂತೆ 1987ರಲ್ಲಿ ಚುನಾವಣೆ ನಡೆದು ಮಂಡಲ ಪಂಚಾಯಿತಿಗಳು ಬಂದವು. ಮಂಡಲ ಪ್ರಧಾನರ ಜೀಪು ಊರಿಗೆ ಬರುತ್ತಿದ್ದುದನ್ನು ನಮ್ಮ ಹಿರಿಯರು ಈಗಲೂ ಹೇಳುತ್ತಾರೆ. ಸಂವಿಧಾನದ 73ನೇ ತಿದ್ದುಪಡಿ ಆದ ಮೇಲೆ 1993ರ ಪಂಚಾಯತ್ ರಾಜ್ ಕಾಯ್ದೆ ಬಂದು, ಈಗಿರುವ ಗ್ರಾಮ ಪಂಚಾಯಿತಿಗಳು ಹುಟ್ಟಿದವು.

ಈ ಕಾಯ್ದೆಯ 64ನೇ ಕಲಂ ಪ್ರಕಾರ ಪಂಚಾಯಿತಿಯ ಲಿಖಿತ ಅನುಮತಿ ಇಲ್ಲದೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಇರುವುದನ್ನು ದೊಡ್ಡದಾಗಿ ಮಾರ್ಪಾಡು ಮಾಡುವಂತಿಲ್ಲ. ಕೆಡವಿ ಕಟ್ಟುವವರು ಎರಡನ್ನೂ ಒಂದೇ ಅರ್ಜಿಯಲ್ಲಿ ಕೇಳುವುದು ರೂಢಿ. ಭದ್ರಾವತಿಯಲ್ಲಾದರೆ ಈ ಕೆಲಸ ನಗರಸಭೆಯದು, 1964ರ ಪುರಸಭೆಗಳ ಕಾಯ್ದೆಯಂತೆ. ಶಿವಮೊಗ್ಗ 2013ರಲ್ಲಿ ಮಹಾನಗರ ಪಾಲಿಕೆ ಆದದ್ದರಿಂದ ಅಲ್ಲಿ 1976ರ ಪಾಲಿಕೆಗಳ ಕಾಯ್ದೆ. ಇಷ್ಟೇ ಅಲ್ಲ, ಬೀಳುವ ಸ್ಥಿತಿಯಲ್ಲಿರುವ ಕಟ್ಟಡವನ್ನು ತೆಗೆಯಿರಿ ಎಂದು ಮಾಲೀಕನಿಗೆ ನೋಟಿಸು ಕೊಡುವ ಅಧಿಕಾರವೂ ಸ್ಥಳೀಯ ಸಂಸ್ಥೆಗಳಿಗೆ ಇದೆ.

ಬಿ.ಎಚ್. ರಸ್ತೆ ಅಗಲ ಮಾಡುವಾಗ ಅಂಗಡಿಗಳನ್ನು ಕೆಡವಿದ ಮಾತನ್ನು ಕೆಲವರು ಇಲ್ಲಿ ಎತ್ತುತ್ತಾರೆ. ಅದು ಬೇರೆ ದಾರಿ. ಅಲ್ಲಿ ಸರಕಾರ ಭೂಸ್ವಾಧೀನ ಮಾಡಿ, ನೋಟಿಸು ಕೊಟ್ಟು, ಪರಿಹಾರ ಕಟ್ಟಬೇಕು. ನಮ್ಮದನ್ನು ನಾವೇ ಕೆಡವುವಾಗ ನಾವು ಕೇಳುವವರು, ಪಂಚಾಯಿತಿ ಕೊಡುವವರು. ಎರಡನ್ನೂ ಕಲಸಬಾರದು.

ಕೆಡವೋದು ಬೇರೆ, ಬಿಚ್ಚೋದು ಬೇರೆ

ಮಲೆನಾಡಿನ ಕಡೆ ಮನೆ "ಕೆಡವಿದರು" ಅನ್ನುವುದು ಕಡಿಮೆ, ಮನೆ "ಬಿಚ್ಚಿದರು" ಅನ್ನುತ್ತಾರೆ. ಈ ಮಾತಿನಲ್ಲಿ ಒಂದು ಲೆಕ್ಕ ಇದೆ. ಹಿಂದೆ ಮನೆಯ ಬೆಲೆ ಇದ್ದದ್ದು ಗೋಡೆಯಲ್ಲಲ್ಲ, ಮರದಲ್ಲಿ. ಗೋಡೆ ಊರಿನದೇ ಮಣ್ಣು. ಆದರೆ ಕಂಬ, ತೊಲೆ, ಬಾಗಿಲವಾಡ, ಪಕಾಸಿ ಇವು ತಲೆಮಾರು ಬಾಳುವ ಆಸ್ತಿ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ಮಂಗಳೂರು ಹೆಂಚು ಘಟ್ಟ ಹತ್ತಿ ನಮ್ಮ ಕಡೆಗೂ ಬಂತು. ಅದೂ ಹಾಗೆಯೇ, ಒಂದೊಂದಾಗಿ ಇಳಿಸಿದರೆ ಇನ್ನೊಂದು ಮನೆಗೆ ಆಗುತ್ತದೆ.

ಶರಾವತಿಗೆ ಲಿಂಗನಮಕ್ಕಿಯಲ್ಲಿ ಕಟ್ಟಿದ ಅಣೆಕಟ್ಟು 1964ರಲ್ಲಿ ಮುಗಿಯಿತು. ಮುಳುಗಡೆಯಾದ ಊರುಗಳ ಜನ ಜಿಲ್ಲೆಯ ಬೇರೆ ಬೇರೆ ಕಡೆ ಬಂದು ನೆಲೆಸಿದರು. ಬರುವಾಗ ಆದಷ್ಟು ಮನೆ ಬಿಚ್ಚಿ ಕಂಬ, ಬಾಗಿಲು, ಹೆಂಚು ತಂದರು. ಹಳೇ ಮನೆಯ ಬಾಗಿಲನ್ನೇ ಹೊಸ ಊರಿನ ಮನೆಗೆ ಇಟ್ಟುಕೊಂಡವರಿದ್ದಾರೆ. ಊರು ಹೋಯಿತು, ಬಾಗಿಲು ಉಳಿಯಿತು. ಹಿಂದಿನ ಸಾಲಿನ ಹುಡುಗರಿಗೆ ನಮ್ಮ ಉತ್ತರ ಇದೇ. ಜೆಸಿಬಿ ಒಂದೇ ದಿನಕ್ಕೆ ಜಾಗ ಸಾಫ್ ಮಾಡುತ್ತದೆ, ಆದರೆ ಕಂಬವನ್ನೂ ಕಸವನ್ನೂ ಒಂದೇ ರಾಶಿ ಮಾಡುತ್ತದೆ.

ಹಳೇನಗರದ ದೇವಸ್ಥಾನದ ಸುತ್ತ

ಭದ್ರಾವತಿ ಅಂದಾಗ ಹೊರಗಿನವರಿಗೆ ಕಾರ್ಖಾನೆ ನೆನಪಾಗುತ್ತದೆ. ಬೆಂಕಿಪುರ ಅನ್ನುತ್ತಿದ್ದ ಈ ಊರಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾಯಿತು. ಆದರೆ ಕಾರ್ಖಾನೆಗಿಂತ ಬಹಳ ಹಿಂದೆ, ಹೊಯ್ಸಳರ ಕಾಲದಲ್ಲಿ, ಹಳೇನಗರದ ಲಕ್ಷ್ಮೀನರಸಿಂಹ ದೇವಸ್ಥಾನ ಎದ್ದಿತ್ತು. ಇದು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ.

ಇಂಥ ರಕ್ಷಿತ ಸ್ಮಾರಕಗಳ ಸುತ್ತ 1992ರ ಜೂನ್ 16ರ ಅಧಿಸೂಚನೆಯಿಂದ ನಿರ್ಬಂಧ ಬಂತು. 2010ರಲ್ಲಿ ಕಾಯ್ದೆಗೆ ತಿದ್ದುಪಡಿ ಆಗಿ ಅದು ಇನ್ನೂ ಬಿಗಿಯಾಯಿತು. ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ. ಅಲ್ಲಿ ಹೊಸ ಕಟ್ಟಡ ಕಟ್ಟುವಂತಿಲ್ಲ. ಮುಂಚಿನಿಂದ ಇದ್ದ ಮನೆಯಾದರೆ ಅನುಮತಿ ಪಡೆದು ರಿಪೇರಿ ಮಾಡಿಸಬಹುದು. ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ಕಟ್ಟಲು ನಗರಸಭೆ ಒಪ್ಪಿಗೆ ಒಂದೇ ಸಾಲದು, ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಒಪ್ಪಿಗೆಯೂ ಬೇಕು.

ಇದರ ಅರ್ಥ ಏನು? ಆ 100 ಮೀಟರ್ ಒಳಗೆ ಇರುವವರು "ಹಳೇದು ಬೀಳ್ತಾ ಇದೆ, ಮೊದಲು ಕೆಡವೋಣ, ಕಟ್ಟೋದು ಆಮೇಲೆ ನೋಡೋಣ" ಅಂದರೆ ಮನೆಯೂ ಹೋಯಿತು, ಕಟ್ಟುವ ದಾರಿಯೂ ಹೋಯಿತು. ಕೆಡವುವುದಕ್ಕೆ ಅರ್ಧ ದಿನ, ಕಳೆದುಕೊಂಡದ್ದು ಜನ್ಮಪೂರ್ತಿ. ನಮ್ಮ ಸಂಘದ ಜಾಗದ ಹತ್ತಿರ ಅಂಥ ಸ್ಮಾರಕ ಯಾವುದೂ ಇಲ್ಲ. ಆದರೆ ಹಳೇನಗರದಲ್ಲಿ ನೆಂಟರಿಷ್ಟರು, ಸ್ವಂತ ಮನೆ ಇರುವ ಸದಸ್ಯರು ನಮ್ಮಲ್ಲಿ ಇದ್ದಾರೆ, ಅವರು ಇದನ್ನು ಗಮನದಲ್ಲಿಡಲಿ ಎಂದು ಬರೆದಿದ್ದೇವೆ. ಶಿವಮೊಗ್ಗದ ಶಿವಪ್ಪನಾಯಕನ ಅರಮನೆ ಮರದ ಕಂಬಗಳ ಸಮೇತ ಇವತ್ತಿಗೂ ನಿಂತು ವಸ್ತುಸಂಗ್ರಹಾಲಯ ಆಗಿರುವುದು ನಮ್ಮ ಮಕ್ಕಳು ನೋಡುವ ಭಾಗ್ಯ. ಯಾರೋ ಒಂದು ಕಾಲದಲ್ಲಿ "ಹಳೇದು, ತೆಗೀರಿ" ಅಂದಿದ್ದರೆ ಅದೂ ಇರುತ್ತಿರಲಿಲ್ಲ.

ದೂರದ ಎರಡು ಕಟ್ಟಡಗಳ ಪಾಠ

ಹಿರಿಯರ ಪ್ರಶ್ನೆ, ರಿಪೇರಿಯೋ ಕೆಡವುವುದೋ ಎಂಬುದು ಸಣ್ಣ ಪ್ರಶ್ನೆ ಅಲ್ಲ. ನಮ್ಮ ರಾಜ್ಯದಲ್ಲೇ ಅದಕ್ಕೆ ಎರಡು ದೊಡ್ಡ ಉದಾಹರಣೆ ಇವೆ.

ಒಂದು ಬೆಂಗಳೂರಿನ ಅಠಾರಾ ಕಚೇರಿ, ಈಗಿನ ಹೈಕೋರ್ಟು. 1860ರ ದಶಕದಲ್ಲಿ ಕಟ್ಟಿದ ಕೆಂಪು ಕಟ್ಟಡ. ಸರಕಾರದ ಹದಿನೆಂಟು ಇಲಾಖೆ ಅಲ್ಲಿದ್ದುದರಿಂದ ಆ ಹೆಸರು. 1980ರ ದಶಕದಲ್ಲಿ ಅದನ್ನು ಕೆಡವುವ ಯೋಚನೆ ಸರಕಾರಕ್ಕೆ ಬಂತು. ಕಟ್ಟಡ ಸರಕಾರದ್ದೇ, ಜಾಗವೂ ಸರಕಾರದ್ದೇ. ಆದರೂ ನಾಗರಿಕರು ಒಪ್ಪಲಿಲ್ಲ, ಕೋರ್ಟಿಗೂ ಹೋದರು. ಕೊನೆಗೆ ಕೆಡವುವ ಮಾತು ಬಿಟ್ಟುಹೋಯಿತು. ಇವತ್ತೂ ವಿಧಾನಸೌಧದ ಎದುರು ಅದು ನಿಂತಿದೆ, ಒಳಗೆ ನ್ಯಾಯ ನಡೆಯುತ್ತಿದೆ. ಕೇಳುವವರು ಇದ್ದದ್ದರಿಂದ ಅದು ಉಳಿಯಿತು.

ಇನ್ನೊಂದು ಮೈಸೂರಿನ ಸಯ್ಯಾಜಿರಾವ್ ರಸ್ತೆಯ ಲ್ಯಾನ್ಸ್‌ಡೌನ್ ಕಟ್ಟಡ. ವೈಸರಾಯ್ ಲ್ಯಾನ್ಸ್‌ಡೌನ್ ಮೈಸೂರಿಗೆ ಬಂದದ್ದರ ನೆನಪಿಗೆ 1892ರಲ್ಲಿ ಕಟ್ಟಿದ್ದು. ಕೆಳಗೆ ಸಾಲು ಅಂಗಡಿ, ಅದರಲ್ಲಿ ಹಳೇ ಪುಸ್ತಕದ ಅಂಗಡಿಗಳೂ ಇದ್ದವು. 2012ರ ಆಗಸ್ಟ್ 25ರಂದು ಅದರ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. ಎದುರಿನ ದೇವರಾಜ ಮಾರುಕಟ್ಟೆಯ ಒಂದು ಭಾಗವೂ 2016ರ ಆಗಸ್ಟಿನಲ್ಲಿ ಕುಸಿಯಿತು. ಕೆಡವಿ ಅದೇ ರೀತಿ ಹೊಸದು ಕಟ್ಟಬೇಕೆಂದು ಕೆಲವರು, ಪಾರಂಪರಿಕ ಕಟ್ಟಡ, ರಿಪೇರಿ ಮಾಡಿ ಉಳಿಸಬಹುದೆಂದು ಬೇರೆ ತಜ್ಞರು. ಸಮಿತಿ ಮೇಲೆ ಸಮಿತಿ, ಪಾಲಿಕೆ, ಹೈಕೋರ್ಟು. ಕುಸಿದು ಹತ್ತು ವರ್ಷ ಕಳೆದರೂ ವಿವಾದ ಮುಗಿದಿರಲಿಲ್ಲ. ಬಾಡಿಗೆಗಿದ್ದ ಅಂಗಡಿಯವರ ಪಾಡು ಅವರಿಗೇ ಗೊತ್ತು.

ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ಮಾತು ಕಾಣುತ್ತದೆ. ಕೇಳುವುದು ಕಟ್ಟಡವನ್ನು ಉಳಿಸಬಲ್ಲದು. ಆದರೆ ಕಟ್ಟಡ ಗಟ್ಟಿ ಇರುವಾಗಲೇ ಕೇಳಿ ತೀರ್ಮಾನ ಆಗಬೇಕು. ಬೀಳುವ ಹಂತಕ್ಕೆ ಬಂದ ಮೇಲೆ ಕೇಳುತ್ತಾ ಕೂತರೆ, ಕಾಗದ ಮೇಜಿನ ಮೇಲೆ ಇರುವಾಗಲೇ ತೊಲೆ ಜನರ ತಲೆ ಮೇಲೆ ಬರುತ್ತದೆ. ರಿಪೇರಿ ಮಾಡಿ ಅನ್ನುವವರು, ಕೆಡವಿ ಅನ್ನುವವರು ಇಬ್ಬರೂ ಕಟ್ಟಡಕ್ಕೆ ಶತ್ರುಗಳಲ್ಲ. "ಮುಂದಿನ ವರ್ಷ ನೋಡೋಣ" ಅನ್ನುವವರೇ ನಿಜವಾದ ಅಪಾಯ.

ಹೇಳದೆ ಕೆಡವಿದರೆ

2021ರ ಸೆಪ್ಟೆಂಬರಿನಲ್ಲಿ ನಂಜನಗೂಡು ತಾಲ್ಲೂಕಿನ ಹುಚ್ಚಗಣಿಯಲ್ಲಿ ಒಂದು ದೇವಸ್ಥಾನವನ್ನು ತಾಲ್ಲೂಕು ಆಡಳಿತ ಕೆಡವಿತು. ಸಾರ್ವಜನಿಕ ಜಾಗದಲ್ಲಿರುವ ಅನಧಿಕೃತ ಧಾರ್ಮಿಕ ಕಟ್ಟಡಗಳ ಬಗ್ಗೆ 2009ರಲ್ಲಿ ಸುಪ್ರೀಂ ಕೋರ್ಟು ಕೊಟ್ಟಿದ್ದ ಆದೇಶ ಅದಕ್ಕೆ ಆಧಾರ. ಆದರೂ ರಾಜ್ಯದಲ್ಲೆಲ್ಲ ಗಲಾಟೆ ಆಗಿ, ಅದೇ ತಿಂಗಳು ಧಾರ್ಮಿಕ ಕಟ್ಟಡಗಳ ರಕ್ಷಣೆಗೆ ವಿಧಾನಮಂಡಲ ಹೊಸ ಕಾನೂನನ್ನೇ ಪಾಸು ಮಾಡಬೇಕಾಯಿತು. ಯಾರು ಸರಿ ಯಾರು ತಪ್ಪು ಎಂಬ ಚರ್ಚೆ ನಮಗೆ ಬೇಡ. ಕೈಯಲ್ಲಿ ಆದೇಶ ಇದ್ದರೂ ಊರಿನ ಮನಸ್ಸು ಕೇಳದೆ ಕೆಡವಿದರೆ ಗಾಯ ಉಳಿಯುತ್ತದೆ ಎಂಬುದಷ್ಟೇ ನಮಗೆ ಬೇಕಾದದ್ದು.

2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟು ಇಡೀ ದೇಶಕ್ಕೆ ಇನ್ನೊಂದು ಮಾತು ಹೇಳಿತು. ಅಧಿಕಾರಿಗಳು ಯಾರ ಕಟ್ಟಡವನ್ನಾಗಲಿ ಕೆಡವುವ ಮುಂಚೆ ಕನಿಷ್ಠ 15 ದಿನದ ನೋಟಿಸು ಕೊಡಬೇಕು, ಅವನ ಮಾತು ಕೇಳಬೇಕು ಎಂದು. ರಸ್ತೆ, ಫುಟ್‌ಪಾತ್‌ನಂಥ ಸಾರ್ವಜನಿಕ ಜಾಗದ ಒತ್ತುವರಿಗೆ ಇದು ಅನ್ವಯಿಸುವುದಿಲ್ಲ. ಸರಕಾರವೇ ನಮ್ಮನ್ನು ಕೇಳಬೇಕು ಎಂದಾದ ಮೇಲೆ, ನಾವು ಅಕ್ಕಪಕ್ಕದವರನ್ನು, ಪಂಚಾಯಿತಿಯನ್ನು ಕೇಳುವುದರಲ್ಲಿ ಸಣ್ಣತನ ಏನಿದೆ?

ನಮ್ಮ ಕಟ್ಟಡದ ಕಾಗದಪತ್ರ

ಈಗ ನಮ್ಮ ವಿಷಯ. ರಿಪೇರಿ ಸಾಧ್ಯವೇ ಎಂದು ಇಂಜಿನಿಯರ್ ಒಬ್ಬರನ್ನು ಕರೆಸಿ ನೋಡಿಸಿದೆವು. ಮಣ್ಣಿನ ಗೋಡೆ ಸೂರು ಸರಿ ಇದ್ದರೆ ಮಳೆಗೆ ಹೆದರುವುದಿಲ್ಲ, ಬುಡದ ತೇವಕ್ಕೆ ಹೆದರುತ್ತದೆ. ದಿನಾ ಎರಡು ಹೊತ್ತು ಕ್ಯಾನು ತೊಳೆದ ನೀರು ಇಷ್ಟು ವರ್ಷ ಗೋಡೆ ಬುಡಕ್ಕೆ ಇಳಿದಿದೆ. ಡೇರಿ ಅಂದ ಮೇಲೆ ತೊಳೆಯದೆ ಆಗುವುದಿಲ್ಲ. 2021ರ ಜನವರಿ 21ರ ರಾತ್ರಿ ಶಿವಮೊಗ್ಗ ಹತ್ತಿರದ ಹುಣಸೋಡಿನಲ್ಲಿ ಸ್ಫೋಟ ಆದಾಗ ಈ ಸುತ್ತಿನ ಮನೆಗಳೆಲ್ಲ ಅದುರಿದ್ದು ಎಲ್ಲರಿಗೂ ನೆನಪಿದೆ. ಉತ್ತರ ದಿಕ್ಕಿನ ಗೋಡೆಯ ಬಿರುಕು ಆಮೇಲೆ ಅಗಲ ಆಗಿದೆ. ಗೋಡೆಗಳು ಉಳಿಯುವಂತಿಲ್ಲ, ಆದರೆ ಮರಮುಟ್ಟಿನಲ್ಲಿ ಹೆಚ್ಚಿನದು ಗಟ್ಟಿ ಇದೆ ಎಂದು ಅವರು ಬರೆದುಕೊಟ್ಟಿದ್ದಾರೆ. ಹಿರಿಯರ ಪ್ರಶ್ನೆಗೆ ಇದು ಉತ್ತರ. ಅವರು ಕೇಳಿದ್ದರಿಂದಲೇ ಮರಮುಟ್ಟಿನ ಲೆಕ್ಕವೂ ಸಿಕ್ಕಿತು.

ಆ ಮೇಲೆ ಮಾಡಿದ ಕೆಲಸಗಳನ್ನು, ಮುಂದೆ ತಮ್ಮ ಮನೆ ಕೆಡವಿ ಕಟ್ಟುವವರಿಗೂ ಉಪಯೋಗ ಆಗಲೆಂದು ಕ್ರಮವಾಗಿ ಕೊಡುತ್ತೇವೆ.

1. ಮಹಾಸಭೆಯ ಠರಾವಿನ ನಕಲು ತೆಗೆಸಿ, ಸಹಕಾರ ಇಲಾಖೆಗೆ ತಿಳಿಸಿದೆವು. ಸಂಘದ ಆಸ್ತಿ ಸದಸ್ಯರೆಲ್ಲರದು, ಆಡಳಿತ ಮಂಡಳಿಯ ಸ್ವಂತದ್ದಲ್ಲ.

2. ಕ್ರಯಪತ್ರ, ಇ-ಸ್ವತ್ತು ನಮೂನೆ, ಋಣಭಾರ ಪತ್ರ ತೆಗೆಸಿದೆವು. ಆಸ್ತಿ ಮೇಲೆ ಬ್ಯಾಂಕಿನ ಸಾಲ ಇದ್ದರೆ ಬ್ಯಾಂಕಿನವರ ಒಪ್ಪಿಗೆ ಇಲ್ಲದೆ ಕೆಡವಬಾರದು. ಅಡವಿಟ್ಟದ್ದು ಜಾಗ ಒಂದೇ ಅಲ್ಲ, ಕಟ್ಟಡವೂ ಹೌದು.

3. ಕಂದಾಯ ಬಾಕಿ ಇಲ್ಲದ ರಸೀತಿ, ಹೊಸ ಕಟ್ಟಡದ ನಕ್ಷೆ, ಹಳೇ ಕಟ್ಟಡದ ಫೋಟೋ ಸೇರಿಸಿ ಪಂಚಾಯಿತಿಗೆ ಒಂದೇ ಅರ್ಜಿ ಕೊಟ್ಟೆವು. ಪಿಡಿಓ ಅವರು ಬಂದು ಸ್ಥಳ ನೋಡಿದ ಮೇಲೆ ವಿಷಯ ಪಂಚಾಯಿತಿ ಸಭೆಗೆ ಹೋಯಿತು.

4. ಪಕ್ಕದ ಎರಡು ಮನೆಯವರ ಜತೆ ಕೂತು ಗಡಿ ಅಳೆಸಿ, ಪಾಲುಗೋಡೆಗೆ ಹೊಸ ಆಸರೆ ಸಂಘದ ಖರ್ಚಿನಲ್ಲೇ ಕೊಡುವುದೆಂದು ಬರೆದುಕೊಟ್ಟೆವು. ಕಾನೂನು ಕೇಳಲಿ ಬಿಡಲಿ, ನಾಳೆ ಮುಖ ನೋಡಬೇಕಾದವರು ಅವರೇ.

5. ಮೆಸ್ಕಾಂಗೆ ಅರ್ಜಿ ಕೊಟ್ಟು ಮೀಟರು ತೆಗೆಸಬೇಕು, ನಲ್ಲಿ ಬಂದ್ ಮಾಡಿಸಬೇಕು. ಇದಾಗದೆ ಒಂದು ಹೆಂಚೂ ಇಳಿಸುವುದಿಲ್ಲ.

6. ಕಟ್ಟಡ ಕೆಡವುವಾಗಿನ ಸುರಕ್ಷತೆಗೆ ಐಎಸ್ 4130 ಎಂಬ ಭಾರತೀಯ ಮಾನಕ ಇದೆ. ಅದರ ಸಾರ ನಮ್ಮ ಹಳೇ ಬಡಗಿಗಳಿಗೂ ಗೊತ್ತಿದ್ದದ್ದೇ: ಮೇಲಿಂದ ಕೆಳಕ್ಕೆ ಬರಬೇಕು, ಕಟ್ಟಿದ ಕ್ರಮಕ್ಕೆ ತಿರುಗಿಸಿ ಬಿಚ್ಚಬೇಕು. ಬುಡ ಕಡಿದು ಬೀಳಿಸಬಾರದು.

7. ಹಳೇ ಮರವಾದರೂ ಬೇರೆ ಕಡೆ ಸಾಗಿಸುವಾಗ ಅರಣ್ಯ ಇಲಾಖೆಯ ಪಾಸು ಕೇಳುತ್ತಾರೆ. ಹರಾಜಿನಲ್ಲಿ ಕೊಂಡವರು ಇದನ್ನು ನೆನಪಿಡಬೇಕು.

8. ಕೆಡವಿದ ಮಣ್ಣು, ಇಟ್ಟಿಗೆ ಚೂರುಗಳ ವಿಲೇವಾರಿಗೆ ಕೇಂದ್ರ ಸರಕಾರ 2016ರಲ್ಲಿ ನಿಯಮ ತಂದಿತು. ಕಾಲುವೆಗೆ, ಕೆರೆಗೆ ಸುರಿಯುವಂತಿಲ್ಲ. ನಮ್ಮ ಗೋಡೆ ಮಣ್ಣು ಸಂಘದ ಅಂಗಳದ ತಗ್ಗಿಗೇ ಬೇಕಾಗುತ್ತದೆ.

ಇಷ್ಟಕ್ಕೆಲ್ಲ ಓಡಾಟ ಆಗಿದೆ ನಿಜ. ಒಂದು ಕಚೇರಿಯಲ್ಲಿ ಒಂದೇ ಸಹಿಗೆ ನಾಲ್ಕು ಸಲ ಹೋಗಿ ಬಂದದ್ದೂ ಉಂಟು. ಆದರೂ ಪಂಚಾಯಿತಿಯ ಅನುಮತಿ ಈಗ ಲಿಖಿತವಾಗಿ ಸಂಘದ ಕಡತದಲ್ಲಿದೆ. ಯಾವ ಸದಸ್ಯರು ಬೇಕಾದರೂ ಕಾರ್ಯದರ್ಶಿಗಳನ್ನು ಕೇಳಿ ನೋಡಬಹುದು.

ಸದಸ್ಯರಲ್ಲಿ ವಿನಂತಿ

ದೀಪಾವಳಿ ಕಳೆದು ಮಳೆ ಪೂರ್ತಿ ನಿಂತ ಮೇಲೆ ಬಿಚ್ಚುವ ಕೆಲಸ ಶುರು ಮಾಡುತ್ತೇವೆ. ಹೆಂಚು, ಪಕಾಸಿ, ತೊಲೆ ಎಲ್ಲವನ್ನೂ ಕೈಯಿಂದಲೇ ಇಳಿಸುವುದು. ಕೊನೆಗೆ ಉಳಿಯುವ ಗೋಡೆಗೆ ಮಾತ್ರ ಜೆಸಿಬಿ. ಜಗಲಿಯ ನಾಲ್ಕು ಕಂಬ ಮತ್ತು ಮುಂಬಾಗಿಲನ್ನು ಹರಾಜಿಗೆ ಹಾಕದೆ ಹೊಸ ಕಟ್ಟಡದ ಮುಂಭಾಗಕ್ಕೆ ಇಡುವುದೆಂದು ಆಡಳಿತ ಮಂಡಳಿ ತೀರ್ಮಾನಿಸಿದೆ. ಆ ಕಂಬಕ್ಕೆ ಒರಗಿ ಅಕ್ಷರ ಕಲಿತವರು, ಹಾಲಿನ ಸರದಿಗೆ ನಿಂತವರು ಮುಂದೆಯೂ ಅದನ್ನು ಮುಟ್ಟಿ ನೋಡಲಿ. ಉಳಿದ ಮರ ಮತ್ತು ಹೆಂಚಿನ ಬಹಿರಂಗ ಹರಾಜಿನ ದಿನವನ್ನು ಡೇರಿಯ ಬೋರ್ಡಿನಲ್ಲಿ ಹಾಕುತ್ತೇವೆ. ಮೊದಲ ಅವಕಾಶ ಊರಿನವರಿಗೆ.

ಮಹಾಸಭೆಯಲ್ಲಿ ವಿರೋಧ ಹೇಳಿದವರಿಗೆ ನಾವು ಋಣಿಗಳು. ಅವರು ಕೇಳದಿದ್ದರೆ ಕಂಬಗಳ ಮಾತೇ ಬರುತ್ತಿರಲಿಲ್ಲ. ಕೆಲಸ ಶುರುವಾಗುವ ದಿನ ಅವರೇ ಮುಂದೆ ನಿಂತು ಮೊದಲ ಹೆಂಚು ಇಳಿಸಿಕೊಡಬೇಕೆಂದು ಕೇಳಿಕೊಳ್ಳುತ್ತೇವೆ. ಅಲ್ಲಿಯವರೆಗೆ ಬೆಳಗಿನ ಹಾಲು, ಸಂಜೆ ಹಾಲು ಹಳೇ ಜಾಗದಲ್ಲೇ, ಆದರೆ ಉತ್ತರ ಗೋಡೆಯ ಹತ್ತಿರ ಯಾರೂ ನಿಲ್ಲಬಾರದು, ಮಕ್ಕಳನ್ನೂ ಬಿಡಬಾರದು ಎಂದು ವಿನಂತಿ.

ಜೈ ಸಹಕಾರ.